ಸೆರಗು ಒಡಲನ್ನು ಸೇರುವ ಗೆರೆ

ಇಳಕಲ್ ಸೀರೆ ಕೊಳ್ಳಲು ಹೋದವರಿಗೆ ಅಂಗಡಿಯವರು ಮೊದಲು ಬಿಚ್ಚಿ ತೋರಿಸುವುದು ಸೆರಗನ್ನು. ಕೆಂಪು ರೇಷ್ಮೆಯ ಮೇಲೆ ಬಿಳಿ ತೆನೆಗಳು ಎದ್ದು ನಿಂತ ಆ ಸೆರಗಿಗೆ ಸೋಲದ ಕಣ್ಣಿಲ್ಲ. ಸೀರೆಯ ರುಚಿ ಹತ್ತಿದವರು ಅಷ್ಟಕ್ಕೇ ನಿಲ್ಲುವುದಿಲ್ಲ. ಸೆರಗನ್ನು ಮಗುಚಿ ಹಾಕುತ್ತಾರೆ, ಅದು ಮುಗಿದು ಒಡಲು ಶುರುವಾಗುವ ಜಾಗವನ್ನು ಹುಡುಕುತ್ತಾರೆ, ಬೆರಳಿಟ್ಟು ಸವರುತ್ತಾರೆ. ಅಲ್ಲೊಂದು ಅಡ್ಡಗೆರೆ ಸಿಗುತ್ತದೆ. ನೇಕಾರರು ಅದನ್ನು ಕೊಂಡಿ ಎನ್ನುತ್ತಾರೆ. ಬಾಗಲಕೋಟೆ ಜಿಲ್ಲೆಯ ಈ ಊರಿನ ಕೈಮಗ್ಗದ ಹೆಚ್ಚುಗಾರಿಕೆ ಬೇರೆಲ್ಲಕ್ಕಿಂತ ಹೆಚ್ಚಾಗಿ ಆ ಗೆರೆಯಲ್ಲಿದೆ.

ಅದು ಯಾಕೆ ಅಷ್ಟು ದೊಡ್ಡದು ಎಂದು ತಿಳಿಯಲು ಮಗ್ಗದ ಲೆಕ್ಕ ಸ್ವಲ್ಪ ಗೊತ್ತಿರಬೇಕು. ಬಟ್ಟೆಯ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಲಾಳಿ ಒಯ್ಯುವ ಎಳೆ ಹೊಕ್ಕು. ಸಾಮಾನ್ಯ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಒಂದೇ ಹಾಸು. ನೇಕಾರ ಸೆರಗಿನ ಬಣ್ಣ ಬದಲಿಸಬೇಕಾದರೆ ಹೊಕ್ಕನ್ನು ಮಾತ್ರ ಬದಲಿಸುತ್ತಾನೆ. ಒಡಲು ಹಸಿರಾಗಿದ್ದು ಸೆರಗಿಗೆ ಕೆಂಪು ಹೊಕ್ಕು ಹಾಕಿದರೆ ಹಸಿರು ಕೆಂಪು ಬೆರೆತ ಬಣ್ಣ ಬರುತ್ತದೆಯೇ ಹೊರತು ಅಪ್ಪಟ ಕೆಂಪು ಬರುವುದಿಲ್ಲ. ಹತ್ತಿಯ ಹಾಸಿಗೆ ರೇಷ್ಮೆಯ ಹೊಕ್ಕು ಕೊಟ್ಟರೂ ಅಷ್ಟೇ, ಅರ್ಧ ಹೊಳಪು. ಇಳಕಲ್ಲಿನವರಿಗೆ ಬೇಕಾದದ್ದು ಹಾಸೂ ಕೆಂಪು, ಹೊಕ್ಕೂ ಕೆಂಪು, ಎರಡೂ ರೇಷ್ಮೆಯಾದ ಸೆರಗು. ಹಾಗಾಗಿ ಅವರು ಹಾಸನ್ನೇ ಬದಲಿಸುವ ದಾರಿ ಹಿಡಿದರು.

ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ತಯಾರಾಗುತ್ತದೆ. ಎರಡೂ ಕಡೆಯ ಎಳೆಗಳನ್ನು ಕುಣಿಕೆ ಮಾಡಿ, ಒಂದು ಕೈಯ ಬೆರಳನ್ನು ಕೊಕ್ಕೆಯಾಗಿಸಿ ಇನ್ನೊಂದು ಕೈಯ ಬೆರಳಿಗೆ ಸಿಕ್ಕಿಸಿದ ಹಾಗೆ, ಒಂದರೊಳಗೊಂದು ಕೂಡಿಸುತ್ತಾರೆ. ಒಂದು ಸೀರೆಯ ಅಗಲದಲ್ಲಿ ಇರುವ ಎಳೆಗಳು ಸಾವಿರಗಟ್ಟಲೆ. ಅಷ್ಟೂ ಎಳೆಗಳಿಗೆ ಕೊಂಡಿ ಬೀಳಬೇಕು, ಬಿಗಿ ಒಂದೇ ಸಮ ಇರಬೇಕು. ಒಂದು ಕಡೆ ಸಡಿಲವಾದರೆ ನೇಯ್ದ ಮೇಲೆ ಆ ಜಾಗ ಸುಕ್ಕುಗಟ್ಟಿ ಕಾಣುತ್ತದೆ. ಬೇರೆ ಕಡೆ ಒಂದೇ ಉದ್ದನೆಯ ಹಾಸು ಹೂಡಿ ಹಲವು ಸೀರೆ ಇಳಿಸಬಹುದು. ಇಲ್ಲಿ ಪ್ರತಿ ಸೀರೆಗೂ ಹಾಸು ಹೊಸದು, ಕೊಂಡಿ ಹೊಸದು.

ಈ ಕೆಲಸದ ದೊಡ್ಡ ಪಾಲು ಹೆಂಗಸರದು. ನೂಲು ಸುತ್ತುವುದು, ಹಾಸು ಹೂಡುವುದು, ಎಳೆ ಕೂಡಿಸುವುದು, ಲಾಳಿಯ ಕಂಡಿಕೆ ತುಂಬುವುದು, ಎಲ್ಲವೂ ಮನೆಯೊಳಗೆ ನಡೆಯುತ್ತದೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವರ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ, ಕೊಂಡಿ ಹಾಕಿದ ಕೈಗಳ ಚಿತ್ರ ಬರುವುದು ಅಪರೂಪ. ಬರಬೇಕಿತ್ತು. ಸೀರೆಯ ಹಣೆಬರಹ ನಿರ್ಧಾರವಾಗುವುದು ಮಗ್ಗಕ್ಕೆ ಏರುವ ಮೊದಲೇ, ಆ ಕೈಗಳಲ್ಲಿ.

ರೇಷ್ಮೆಯನ್ನು ಎಲ್ಲಿ ಬಳಸಬೇಕು ಎಂಬ ವಿಷಯದಲ್ಲಿ ಇಳಕಲ್ಲಿನ ಜಾಣ್ಮೆಯನ್ನು ಮೆಚ್ಚಲೇಬೇಕು. ಇಲ್ಲಿ ಹಾಸು ಹೊಕ್ಕು ಎರಡೂ ರೇಷ್ಮೆಯಾದ ಸೀರೆ ಉಂಟು, ಹತ್ತಿ ರೇಷ್ಮೆ ಬೆರೆತದ್ದು ಉಂಟು. ಆದರೆ ಊರಿಗೆ ಹೆಸರು ತಂದದ್ದು ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಕೂಡಿದ ಸೀರೆ. ಹೊಲ, ಒಲೆ, ಬೇಸಿಗೆಯ ಬಿಸಿಲು ಮೂರನ್ನೂ ತಾಳುವ ಹತ್ತಿ ಮೈಗೆ, ತಲೆಯ ಮೇಲೆ ಹೊದ್ದು ನಾಲ್ಕು ಜನರೆದುರು ಕಾಣುವಲ್ಲಿ ರೇಷ್ಮೆ. ಬಡವರ ಮನೆಯ ಹೆಣ್ಣುಮಗಳಿಗೂ ಅಪ್ಪಟ ರೇಷ್ಮೆ ತಲೆಗೇರುವಂತೆ ಮಾಡಿದ್ದು ಈ ಕೂಡಿಕೆ. ಸೀರೆಯ ಬೆಲೆಯನ್ನು ಜರಿಯ ತೂಕದಲ್ಲಿ ಅಳೆಯುವವರಿಗೆ ಈ ಮಾತು ಒಪ್ಪಿಗೆಯಾಗಲಿಕ್ಕಿಲ್ಲ. ಈ ಅಂಕಣದ ತಕ್ಕಡಿ ಮಾತ್ರ ಇತ್ತಲೇ ವಾಲುತ್ತದೆ.

ಸೆರಗಿನ ಸಂಪ್ರದಾಯದ ಮಾದರಿ ತೋಪು ತೆನಿ. ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ, ಕೆಂಪು ಬಿಳಿ ಸೇರುವಲ್ಲಿ ಜೋಳದ ತೆನೆಯ ಮೊನಚು. ಹಣಿಗೆಯ ಹಲ್ಲು, ಕೋಟೆಯ ತೆನೆ, ಬೆಟ್ಟದ ಸಾಲು ಹೋಲುವ ಮಾದರಿಗಳೂ ಇವೆ. ಎರೆಭೂಮಿಯ ಜೋಳ, ಬಾದಾಮಿ ಕಡೆಯ ಕೋಟೆ, ಗುಡ್ಡಗಳೆಲ್ಲ ಸುತ್ತಮುತ್ತ ಕಣ್ಣಿಗೆ ಬೀಳುವಂಥವೇ. ಅಂಚಿಗೆ ಇಲ್ಲಿ ದಡಿ ಎನ್ನುತ್ತಾರೆ: ಗೋಮಿ, ಚಿಕ್ಕಿ, ಗಾಡಿ, ಪರಾಸಪೇಟಿ. ಗೋಮಿಗೆ ಇಳಕಲ್ ದಡಿ ಎಂದೇ ಹೆಸರು. ಒಡಲಿನ ಬಣ್ಣಗಳಲ್ಲಿ ದಾಳಿಂಬೆಯ ಕೆಂಪು, ನವಿಲು ಹಸಿರು, ಗಿಳಿ ಹಸಿರು ಹಳೆಯವು. ಮದುವಣಗಿತ್ತಿಗೆ ಗಿರಿ ಕುಂಕುಮ. ಇಳಕಲ್ಲಿನ ಬಣ್ಣಗಳನ್ನು ಒಮ್ಮೆ ಹಾಸಿ ನೋಡಿದವರಿಗೆ ಈಚಿನ ತೆಳು ಬಣ್ಣದ ಸೀರೆಗಳು ಸಪ್ಪೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಉದ್ದದಲ್ಲಿ 6, 8, 9 ಗಜದ ಸೀರೆಗಳಿವೆ. ಹಳ್ಳಿಯ ಮುದುಕಿಯರು ಹದಿನಾರು ಮೊಳದ್ದು ಎಂದು ಕೇಳುವುದು 8 ಗಜದ್ದನ್ನು. ಗಡಿಯಾಚೆ ಸೊಲ್ಲಾಪುರ, ಕೊಲ್ಹಾಪುರದ ಕಡೆ ಇದಕ್ಕೆ ಇರಕಲ್ ಎಂದು ಹೆಸರು, ಮರಾಠಿ ಮನೆಗಳಲ್ಲೂ ಅದೇ ಆದರ.

ಇಳಕಲ್ ಒಂಟಿಯಾಗಿ ಬಾಳಿದ ಸೀರೆಯಲ್ಲ. ಜೊತೆಗೆ ತೊಡುವ ಕುಪ್ಪಸದ ಬಟ್ಟೆ ಅದೇ ಜಿಲ್ಲೆಯ ಗುಳೇದಗುಡ್ಡದ ಖಣ. ಒಡಲಿನ ಮೇಲೆ ಸೂಜಿ ಆಡಿಸಿದ್ದು ಧಾರವಾಡದ ಕಸೂತಿ. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ತೇರು, ಗೋಪುರ, ಅಂಬಾರಿ, ತುಳಸಿ ಕಟ್ಟೆ ಮೂಡುತ್ತವೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಮುಖ ಒಂದೇ ಥರ ಕಾಣಬೇಕು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ತುಂಬಿ ಮಗಳಿಗೆ ಕೊಡುವ ರೂಢಿ ಇತ್ತು. ಅಂಥ ಸೀರೆ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ದಯವಿಟ್ಟು ಹೊರತೆಗೆದು ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿದ್ದ ರೇಷ್ಮೆ ಆ ಗೆರೆಯಲ್ಲೇ ಹರಿಯುತ್ತದೆ.

ಹಾಸು ಬದಲಿಸುವ ಕಲೆ ತಮಿಳುನಾಡಿನ ಕಂಚಿಯಲ್ಲೂ ಇದೆ, ಅಲ್ಲಿ ಅದು ಪೇಟ್ನಿ. ಹಳೆಯ ಹಾಸಿನ ಎಳೆಗೆ ಹೊಸ ಬಣ್ಣದ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಾರೆ. ಒಡಲಿನ ಬಣ್ಣಕ್ಕೆ ಪೂರ್ತಿ ಬೇರೆಯಾದ ಅಂಚು ಬೇಕೆಂದರೆ ಮೂರು ಲಾಳಿಗಳ ಕೋರ್ವೈ, ಅದಕ್ಕೆ ನೇಕಾರನ ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಆ ಕಂಚಿ ಸೀರೆಗಳ ಕಚ್ಚಾ ರೇಷ್ಮೆಯ ಬಹುಪಾಲು ಹೋಗುವುದು ಕರ್ನಾಟಕದಿಂದ ಎಂಬುದನ್ನು ನಮ್ಮವರು ಮರೆಯಬಾರದು. ರಾಮನಗರದ ಗೂಡಿನ ಮಾರುಕಟ್ಟೆಗೂ ಕಂಚಿಯ ಮದುವೆ ಸೀರೆಗೂ ನೇರ ನಂಟು. ಇನ್ನು ಮೈಸೂರು ಸಿಲ್ಕ್ ಬೇರೆಯದೇ ದಾರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನಿಂದ ಯಂತ್ರಮಗ್ಗ ಬಂದವು. ಇವತ್ತಿಗೂ ಅದು ಯಂತ್ರದಲ್ಲಿ ನೇಯುವ ಸೀರೆ. ಅದರ ಕ್ರೇಪ್ ರೇಷ್ಮೆಯ ನುಣುಪಿಗೆ, ಜರಿಯ ಪ್ರಾಮಾಣಿಕತೆಗೆ ಎರಡು ಮಾತಿಲ್ಲ. ಕೈಮಗ್ಗದ ಸೀರೆ ಎಂದು ಕರೆದರೆ ಮಾತ್ರ ತಪ್ಪಾಗುತ್ತದೆ, ಅದು ಇಳಕಲ್ಲಿನ, ಮೊಳಕಾಲ್ಮೂರಿನ ಕೈಮಗ್ಗಗಳಿಗೆ ಮಾಡುವ ಅನ್ಯಾಯ.

ಅನ್ಯಾಯದ ಮಾತು ಬಂದಾಗ ಕಾನೂನನ್ನೂ ನೆನೆಯಬೇಕು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯನ್ನು ಸಂಸತ್ತು 1985ರಲ್ಲಿ ಮಾಡಿತು. ಯಂತ್ರಮಗ್ಗದವರು ಕೋರ್ಟಿಗೆ ಹೋದರು, 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಬಗೆಯಿದ್ದ ಪಟ್ಟಿ ಈಗ 11ಕ್ಕೆ ಇಳಿದಿದೆ. ಸೀರೆ ಅದರಲ್ಲಿ ಉಳಿದಿದ್ದರೂ ಯಂತ್ರದಲ್ಲಿ ನೇಯ್ದ, ಸಾಲದ್ದಕ್ಕೆ ಅಚ್ಚು ಹಾಕಿದ ತೆನಿ ಸೆರಗಿನ ಸೀರೆ ಇಳಕಲ್ ಹೆಸರಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತದೆ. ಊರಿನ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ನಿಜ. ಕೊಳ್ಳುವವರು ಕೇಳದಿದ್ದರೆ ಆ ಮಾನ್ಯತೆ ಕಾಗದದಲ್ಲೇ ಉಳಿಯುತ್ತದೆ. 2019–20ರ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರು, ಪೂರಕ ಕೆಲಸದವರು ಸೇರಿ 35 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ 72ರಷ್ಟು ಹೆಂಗಸರು. ಮೂರರಲ್ಲಿ ಸುಮಾರು ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಗಳಿಕೆ 5,000 ರೂಪಾಯಿಗಿಂತ ಕಡಿಮೆ. ಸಾವಿರಾರು ಎಳೆ ಕೂಡಿಸುವ ಕೈಗೆ ಇಷ್ಟೇ ಸಿಗುವುದಾದರೆ ಮಕ್ಕಳು ಆ ಕೆಲಸ ಯಾಕೆ ಕಲಿತಾರು?

ಹಾಗಾದರೆ ಕೊಳ್ಳುವಾಗ ನೋಡುವುದೇನು? ಮೊದಲು ಕೊಂಡಿ. ಅಚ್ಚಿನ ಸೀರೆಯಲ್ಲಿ ಸೆರಗಿನ ಬಣ್ಣ ಮೇಲ್ಮುಖದಲ್ಲಿ ಗಾಢವಾಗಿ, ಹಿಂದೆ ಮಾಸಿ ಕಾಣುತ್ತದೆ. ಒಂದೇ ಹಾಸಿನ ಸೀರೆಯಲ್ಲಿ ಒಡಲಿನ ಎಳೆಗಳೇ ಸೆರಗಿನ ಕೊನೆಯವರೆಗೂ ಓಡುತ್ತವೆ. ಕುಚ್ಚಿನ ಎಳೆ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಎರಡನೆಯದು ನೂಲು. ಸೆರಗಿಗೆ ಕೃತಕ ರೇಷ್ಮೆ ಹಾಕಿದ ಸೀರೆ ಬೇಕಾದಷ್ಟಿವೆ, ಹೇಳಿ ಮಾರಿದರೆ ಅದರಲ್ಲಿ ದೋಷವಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಸಂಶಯ ಬಂದರೆ ಕುಚ್ಚಿನ ಒಂದೆಳೆ ಸುಟ್ಟು ನೋಡಬೇಕು. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಕರಿ ಬೂದಿ ಬಿಡುತ್ತದೆ. ರೇಯಾನ್ ಕಾಗದದಂತೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇನ್ನು ಮುದ್ರೆಗಳು: ಸಿಲ್ಕ್ ಮಾರ್ಕ್ ಇದ್ದರೆ ನೂಲು ಅಪ್ಪಟ ಎಂದಷ್ಟೇ ಅರ್ಥ, ಕೈಯಲ್ಲಿ ನೇಯ್ದದ್ದೆಂದಲ್ಲ. ಅದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಅಂಗಡಿಯಲ್ಲಿ ಎರಡನ್ನೂ ಕೇಳಿ ನೋಡಬೇಕು.

ಮನೆಗೆ ತಂದ ಮೇಲೆ ಒಂದೇ ಎಚ್ಚರಿಕೆ: ಸೆರಗಿನ ಕೆಂಪು ಮೊದಲ ಒಗೆತಗಳಲ್ಲಿ ಬಣ್ಣ ಬಿಡಬಹುದು. ನೆನೆಹಾಕದೆ ತಣ್ಣೀರಲ್ಲಿ ಬೇಗ ಜಾಲಿಸಿ, ಸೆರಗು ಒಡಲಿಗೆ ತಾಗದಂತೆ ಹರವಿ, ನೆರಳಲ್ಲಿ ಒಣಗಿಸಬೇಕು. ಹಿಂಡುವುದಂತೂ ಬೇಡ, ಕೊಂಡಿಯ ಮೇಲೆ ಎಳೆತ ಬೀಳುತ್ತದೆ.