ಪಾತ್ರಕ್ಕೆ ನ್ಯಾಯ ಸಿಕ್ಕಿತು, ಓದುಗರಿಗೆ?

“ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ” ಅಂತ ಓದಿ ಮಗಳು ನಿಲ್ಲಿಸಿದಳು. “ಅಮ್ಮಾ, ಇದು ಕೋರ್ಟ್ ಸಿನಿಮಾನಾ?” ನಕ್ಕುಬಿಟ್ಟೆ. ಆದರೆ ಅರ್ಥ ಹೇಳೋಕೆ ಹೋಗಿ ನಾನೇ ಸಿಕ್ಕಿಹಾಕಿಕೊಂಡೆ. ಚೆನ್ನಾಗಿ ನಟಿಸಿದ್ದಾರೆ ಅಂತಲೇ, ಪರವಾಗಿಲ್ಲ ಅಂತಲೇ? ಎರಡೂ ಆಗಬಹುದು.

ಕನ್ನಡ ಪತ್ರಿಕೆಗಳ ಸಿನಿಮಾ ವಿಮರ್ಶೆಯ ಪುಟ ನಿಮಗೆ ಗೊತ್ತೇ ಇದೆ. ಮೇಲೆ ದೊಡ್ಡ ಫೋಟೊ, ಪಕ್ಕದಲ್ಲೊಂದು ಬಾಕ್ಸ್: ನಿರ್ಮಾಣ, ನಿರ್ದೇಶನ, ಛಾಯಾಗ್ರಹಣ, ತಾರಾಗಣ. ಬರಹದಲ್ಲಿ ಮೊದಲು ಕಥೆ, ಆಮೇಲೆ ನಟನಟಿಯರು, ಕೊನೆಯ ಪ್ಯಾರಾದಲ್ಲಿ ಹಾಡು, ಕ್ಯಾಮೆರಾ. ಎಷ್ಟೋ ಕಡೆ ನಕ್ಷತ್ರಗಳೂ ಉಂಟು.

ಕನ್ನಡ ಕಲಿಯುವವರಿಗೆ ಆ ಬಾಕ್ಸ್ ಒಳ್ಳೇ ಪಾಠ. ತಾರೆಗಳ ಗಣ ತಾರಾಗಣ. ಛಾಯೆಯನ್ನು ಹಿಡಿಯುವುದು ಛಾಯಾಗ್ರಹಣ. ಬಿಡಿಸಿದರೆ ಅರ್ಥ ಸಿಗುತ್ತೆ. ಕಷ್ಟ ಇರೋದು ಬರಹದಲ್ಲಿ. “ಸಂಕಲನ ಇನ್ನಷ್ಟು ಚುರುಕಾಗಿರಬೇಕಿತ್ತು” ಅಂದರೆ ಬೋರು. “ಒಮ್ಮೆ ನೋಡಲಡ್ಡಿಯಿಲ್ಲ” ಅಂದರೆ ನೋಡದಿದ್ದರೂ ನಷ್ಟವಿಲ್ಲ. ಈ ದಾಕ್ಷಿಣ್ಯ ನನಗೆ ಅರ್ಥವಾಗುತ್ತೆ. ನಮ್ಮದು ಸಣ್ಣ ಚಿತ್ರರಂಗ, ನಾಳೆ ಮತ್ತೆ ಮುಖ ನೋಡಬೇಕು. ಊರಲ್ಲಿ ಬೆಳೆದವರು ಒಳಗಿನ ಮಾತು ಹಿಡಿದುಬಿಡ್ತಾರೆ. ಇಲ್ಲಿ ಹುಟ್ಟಿದವಳಿಗೆ ಅದನ್ನು ಯಾರು ಹೇಳಿಕೊಡಬೇಕು?

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ‘ತಿಥಿ’ ನೆನಪಿಸಿಕೊಳ್ಳಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಸಿನಿಮಾ. ಮಂಡ್ಯ ಸೀಮೆಯ ಹಳ್ಳಿಯ ಜನರೇ ಅದರಲ್ಲಿ ನಟಿಸಿದ್ದು, ಮಾತೂ ಅವರದೇ. ಗಡ್ಡಪ್ಪ “ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ” ಅಂದರೆ ಏನು ಹೇಳಿದಂತಾಯ್ತು? ‘ಉಳಿದವರು ಕಂಡಂತೆ’ (2014) ಸಿನಿಮಾದಲ್ಲಿ ಕೇಳೋದು ಕರಾವಳಿಯ ಕನ್ನಡ. ಬಾಕ್ಸ್‌ನಲ್ಲಿ ಸಾಹಸಕ್ಕೂ ಜಾಗ ಸಿಗುತ್ತೆ. ಯಾವ ಸೀಮೆಯ ಕನ್ನಡ ಅನ್ನೋದಕ್ಕೆ ಒಂದು ಸಾಲಿಲ್ಲ.

ನಮ್ಮಂಥವರಿಗೆ ಬೇಕಾದದ್ದು ಅದೇ ಸಾಲು. ಇಲ್ಲಿ ಕನ್ನಡ ಸಿನಿಮಾ ಬಂದರೆ ಒಂದೋ ಎರಡೋ ಶೋ, ಅದಕ್ಕೆ 40 ಮೈಲಿ ಡ್ರೈವ್. ಮನೆಯಲ್ಲಿ ಕೇಳಿಸದ ಕನ್ನಡ ಅವಳ ಕಿವಿಗೆ ಬೀಳಲಿ ಅಂತಲೇ ನಾನು ಕರ್ಕೊಂಡು ಹೋಗೋದು. ಮೂರು ನಕ್ಷತ್ರ ನೋಡಿ ಅದು ಗೊತ್ತಾಗಲ್ಲ.

‘ತಿಥಿ’ಯನ್ನು ನಾವು ಮನೆಯಲ್ಲೇ ನೋಡಿದೆವು. ಮುಗಿದ ಮೇಲೆ ಮಗಳು ಅಂದಳು: “ಅರ್ಧ ಅರ್ಥ ಆಗ್ಲಿಲ್ಲ. ಆದ್ರೆ ಇವ್ರು ಅಜ್ಜಿ ಥರಾನೇ ಮಾತಾಡ್ತಾರೆ.” ನಾನು ಇಷ್ಟು ದಿನ ಓದಬೇಕು ಅಂದುಕೊಂಡಿದ್ದ ವಿಮರ್ಶೆ ಇದು.