ಉದ್ಯಮದ ನೌಕರನೂ ‘ಹಳೆಯ ಮನೋಭಾವ’ದ ವಾದವೂ

1991ರ ಆರ್ಥಿಕ ಪರಿವರ್ತನೆಯ ತರುವಾಯ ಉದ್ಯೋಗಾಡಳಿತದ ಪಾಠಗಳಲ್ಲಿ ಒಂದು ಮಾತು ಸಿದ್ಧಾಂತದ ಸ್ಥಾನವನ್ನೇ ಪಡೆದಿದೆ. ಸರ್ಕಾರದ ಆಶ್ರಯದಲ್ಲಿ ಬೆಳೆದ ನೌಕರನು ಭದ್ರತೆಗೆ ಒಗ್ಗಿ ದುಡಿಮೆಯಲ್ಲಿ ಶ್ರದ್ಧೆಯನ್ನು ಕಳೆದುಕೊಂಡಿದ್ದಾನೆ, ಆ ಹಳೆಯ ಮನೋಭಾವ ತೊಲಗಿದ ಹೊರತು ಉದ್ಯಮವು ಏಳಿಗೆ ಹೊಂದದು, ಎಂಬುದೇ ಆ ಮಾತು. ಸಮಾಜವಾದವನ್ನು ತೊರೆದ ಪೂರ್ವ ಯೂರೋಪಿನ ದೇಶಗಳನ್ನು ಕುರಿತೂ ಇದೇ ಮಾತನ್ನು ಆಡುವುದುಂಟು. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಮಾಡಬಹುದು.

ಮೊದಲನೆಯದಾಗಿ, ಆ ದೇಶಗಳನ್ನು ಹತ್ತಿರದಿಂದ ಬಲ್ಲ ವಿದ್ವಾಂಸರು ಹೇಳಿದುದೇ ಬೇರೆ. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ ಅವರು ಕೊರತೆಯ ಅರ್ಥವ್ಯವಸ್ಥೆಯನ್ನು ಕುರಿತು 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಷ್ಟವಾದರೆ ಸರ್ಕಾರ ಕೈಹಿಡಿಯುವುದೆಂಬ ಭರವಸೆಯಿಂದ ಉದ್ಯಮಗಳ ವೆಚ್ಚದ ಮೇಲಣ ಹಿಡಿತ ಸಡಿಲವಾಗುವುದನ್ನು ತೋರಿಸಿದರು. ಇದು ವ್ಯವಸ್ಥೆಯ ದೋಷವೇ ಹೊರತು ದುಡಿಯುವವನ ಸ್ವಭಾವದೋಷವಲ್ಲ. ಅದೇ ದೇಶದ ಉಕ್ಕಿನ ಕಾರ್ಖಾನೆಯೊಂದರ ಕುಲುಮೆಯ ಮುಂದೆ ತಾವೇ ಕೆಲಸಮಾಡಿದ ಸಮಾಜಶಾಸ್ತ್ರಜ್ಞ ಮೈಕೇಲ್ ಬುರವಾಯ್ ಅವರು, ಸಾಮಗ್ರಿಯ ಕೊರತೆಯ ನಡುವೆಯೂ ಕಾರ್ಯ ಸಾಗಿದುದು ಕಾರ್ಮಿಕರ ಜಾಣ್ಮೆ ಸಹಕಾರಗಳಿಂದಲೇ ಎಂದು ವಾದಿಸಿದ್ದಾರೆ.

ನಮ್ಮಲ್ಲಿ 1955ರ ಆವಡಿ ಅಧಿವೇಶನವು ಸಮಾಜವಾದೀ ಮಾದರಿಯ ಸಮಾಜವನ್ನು ಗುರಿಯೆಂದು ಸಾರಿತಾದರೂ ಖಾಸಗಿ ಉದ್ಯಮ ಅಳಿಯಲಿಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆಯು 1961ರಿಂದ ಜಪಾನಿನ ನೆರವಿನಿಂದ ತಯಾರಿಸಿದ ಕೈಗಡಿಯಾರಗಳು ದೇಶದಾದ್ಯಂತ ಹೆಸರು ಪಡೆದವು. ಅವುಗಳನ್ನು ಜೋಡಿಸಿದ ಕೈಗಳೂ ಸರ್ಕಾರದ ನೌಕರಿಯ ಭದ್ರತೆಯನ್ನು ಪಡೆದವುಗಳೇ. ಮುಂದೆ ಪೇಟೆಯು ಕ್ವಾರ್ಟ್ಸ್ ಗಡಿಯಾರಗಳತ್ತ ತಿರುಗಿದಾಗ ಸಂಸ್ಥೆ ಹಿಂದುಳಿಯಿತು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರದ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಯಾವ ಗಡಿಯಾರವನ್ನು ತಯಾರಿಸಬೇಕೆಂಬ ನಿರ್ಣಯ ಜೋಡಿಸುವವನ ಕೈಯಲ್ಲಿರಲಿಲ್ಲವೆಂಬುದನ್ನು ಮರೆಯಲಾಗದು.

ಮನೋಭಾವದ ವಾದಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆ ಬಿಡದಿಯಲ್ಲಿದೆ. ಅಲ್ಲಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರು ಕಾರ್ಖಾನೆ 1999ರಲ್ಲಿ ಉತ್ಪಾದನೆಯನ್ನಾರಂಭಿಸಿತು. ಅದು ಸರ್ಕಾರದ ಉದ್ಯಮವಾಗಿದ್ದುದೇ ಇಲ್ಲ. ಗ್ರಾಮೀಣ ಬಡ ವಿದ್ಯಾರ್ಥಿಗಳಿಗಾಗಿ 2007ರಲ್ಲಿ ಒಂದು ತಾಂತ್ರಿಕ ಶಾಲೆಯನ್ನೂ ತೆರೆಯಿತು. ಆದರೂ 2006, 2014, 2020ನೆಯ ವರ್ಷಗಳಲ್ಲಿ ಅಲ್ಲಿ ವಿವಾದವು ಲಾಕೌಟ್‌ನವರೆಗೆ ಬೆಳೆಯಿತು. 2020ರಲ್ಲಿ ಆಡಳಿತವರ್ಗವು ಅಶಿಸ್ತನ್ನೂ ಕಾರ್ಮಿಕ ಸಂಘವು ಕೆಲಸದ ಹೊರೆಯನ್ನೂ ಮುಂದೊಡ್ಡಿದವು. ಕೆಲಸಕ್ಕೆ ಮರಳುವವರಿಂದ ಸನ್ನಡತೆಯ ಮುಚ್ಚಳಿಕೆಯನ್ನು ಕೇಳಲಾಯಿತು. ಕಳೆದುಕೊಳ್ಳಲು ಹಳೆಯ ಮನೋಭಾವವೇ ಇಲ್ಲದಿದ್ದ ತರುಣರಲ್ಲಿ ಈ ಕಲಹವೇಕೆ ಹುಟ್ಟಿತು? ಪ್ರಚಲಿತ ವಾದದಲ್ಲಿ ಇದಕ್ಕೆ ಉತ್ತರವಿಲ್ಲ.

ಸರ್ಕಾರಿ ಕಾರ್ಖಾನೆಗಳಲ್ಲಿ ಆಲಸ್ಯವಿರಲಿಲ್ಲವೆಂದು ಇದರ ಅರ್ಥವಲ್ಲ. ಇತ್ತು, ಅದನ್ನು ಒಪ್ಪತಕ್ಕದ್ದೇ. ಆದರೆ ಕೆಲಸದ ವೇಗ, ಕೂಲಿ, ಶಿಕ್ಷೆ ಇವನ್ನು ನಿರ್ಣಯಿಸುವಲ್ಲಿ ನೌಕರನ ಮಾತಿಗೆ ಎಷ್ಟು ಬೆಲೆಯುಂಟೆಂಬ ಪ್ರಶ್ನೆಯು ಒಡೆತನ ಬದಲಾದ ಮಾತ್ರಕ್ಕೆ ಪರಿಹಾರವಾಗುವುದಿಲ್ಲ. ಮಾಗಡಿ ಸೀಮೆಯ ಸೋಲೂರಿನಂತಹ ಊರಿನ ಒಂದು ಮಗ್ಗುಲಿಗೆ ಬಿಡದಿ, ಇನ್ನೊಂದು ಮಗ್ಗುಲಿಗೆ ದಾಬಸ್‌ಪೇಟೆಯ ಕಾರ್ಖಾನೆಗಳಿವೆ. ಅಲ್ಲಿಂದ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಯು ನಾಳೆ ಮೇಲ್ವಿಚಾರಕನಾಗಬಹುದು, ಇಲ್ಲವೆ ಮುಚ್ಚಳಿಕೆಗೆ ರುಜು ಹಾಕಬೇಕಾದವನೂ ಆಗಬಹುದು. ಅವನಿಗೆ ಕಲಿಸುವ ಶಾಸ್ತ್ರವು ಈ ಎರಡು ಸ್ಥಾನಗಳಿಂದಲೂ ನೋಡಿದಾಗ ನಿಲ್ಲುವಂತಹುದಾಗಿರಬೇಕು.