ರಿಗ್‌ಗೆ ಲಕ್ಷ, ತಂತಿಗೆ ಪುಡಿಗಾಸು

ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಿ, ವಿಯು2 ಅಥವಾ ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಕೈಗೆ ಬಂದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ರಿಗ್ ಕೊಳ್ಳುವುದು, ಐಕಾಮೋ ಯಾಸುವೋ? ಮೇಜಿನ ಮೇಲೆ ಕೂರುವ ಪೆಟ್ಟಿಗೆಗೆ ಲಕ್ಷ ರೂಪಾಯಿ ಹೊಂದಿಸಿದ ಮೇಲೆ, ಉಳಿದ ಚಿಲ್ಲರೆಯಲ್ಲಿ ತಾರಸಿಯ ಕೆಲಸ ಮುಗಿಯುತ್ತದೆ. ಮನೆಯಲ್ಲಿ ಸ್ಟೇಷನ್ ಕಟ್ಟುವ ಈ ರೂಢಿ ಬುಡಮೇಲಾಗಿದೆ.

ರಿಗ್ಗುಗಳಲ್ಲಿ ದೋಷವಿಲ್ಲ. 2016ರಲ್ಲಿ ಬಂದ ಐಕಾಮ್ ಐಸಿ-7300 ಇಡೀ ಬ್ಯಾಂಡನ್ನು ತೆರೆಯ ಮೇಲೆ ಜಲಪಾತದಂತೆ ಹರಿಸುತ್ತದೆ. ಗುಂಡಿ ತಿರುಗಿಸುತ್ತಾ ಹುಡುಕಬೇಕಿದ್ದ ದನಿ ಈಗ ಕಣ್ಣಿಗೇ ಕಾಣುತ್ತದೆ. ದೊಡ್ಡ ಅನುಕೂಲವೇ ಸರಿ. ಆದರೆ ಅದರ 100 ವ್ಯಾಟ್ ಸಾಲದೆಂದು ಲೀನಿಯರ್ ಆಂಪ್ಲಿಫೈಯರ್ ಸೇರಿಸಿ 400ಕ್ಕೆ ಏರಿಸಿದರೂ ಹೆಚ್ಚುವುದು 6 ಡೆಸಿಬೆಲ್, ಎಂದರೆ ಕೇಳುವವರ ಎಸ್-ಮೀಟರಿನಲ್ಲಿ ಒಂದೇ ಒಂದು ಮನೆ. ತಮ್ಮ ಕಿವಿಗಂತೂ ಅದರಿಂದ ಏನೂ ಹೆಚ್ಚು ಕೇಳಿಸದು.

ತಾರಸಿಯ ಲೆಕ್ಕ ಬೇರೆ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡೈಪೋಲಿನ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್ ತಾಮ್ರದ ತಂತಿ. ನಡುವೆ ಒಂದು ಗಳು ನಿಲ್ಲಿಸಿ, ಹತ್ತು ಹತ್ತು ಮೀಟರಿನ ಎರಡು ತೋಳುಗಳನ್ನು ತಲೆಕೆಳಗಾದ 'ವಿ'ಯಂತೆ ಇಳಿಬಿಟ್ಟರೆ ಆಯಿತು. ನೆಲದಿಂದ 10 ಮೀಟರ್ ಎತ್ತರದಲ್ಲಿ ಈ ತಂತಿಯ ಶಕ್ತಿ ಬಹುಪಾಲು ಮೇಲ್ಮುಖವಾಗಿ ಹೋಗಿ, ಅಯಾನುಗೋಳಕ್ಕೆ ಬಡಿದು ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಮಳೆಯಂತೆ ಇಳಿಯುತ್ತದೆ. ಬೆಂಗಳೂರಿನ ತಾರಸಿಯಿಂದ ಹಗಲು ಹೊತ್ತಿನಲ್ಲಿ ಮಂಗಳೂರು, ಹುಬ್ಬಳ್ಳಿಗಳೊಡನೆ ಹರಟಲು ಇದಕ್ಕಿಂತ ಒಳ್ಳೆಯ ಆಂಟೆನಾ ಬೇಕಿಲ್ಲ. ಜಪಾನು, ಯುರೋಪು ಸಿಗಲಿಲ್ಲವೆಂದು ಇದನ್ನೇ ಹಳಿಯುವುದು ತಪ್ಪು. ಅದೇ ಗಳುವಿಗೆ ಅರ್ಧ ಉದ್ದದ ತಂತಿ ಕಟ್ಟಿ 14 ಮೆಗಾಹರ್ಟ್ಸ್‌ಗೆ ಹೋದರೆ, ಅದೇ 10 ಮೀಟರ್ ಈಗ ಅರ್ಧ ತರಂಗದ ಎತ್ತರ. ಸಂಕೇತ ದಿಗಂತದ ಕಡೆಗೆ ಬಾಗುತ್ತದೆ. ತಂತಿಯ ಎತ್ತರಕ್ಕೆ ಪಟ್ಟ ಶ್ರಮ ಹೋಗುವ ದನಿಗೂ ಬರುವ ದನಿಗೂ ಸಮನಾಗಿ ದಕ್ಕುತ್ತದೆ.

ಹೆಚ್ಚಿನವರು ಎಡವುವುದು ಕೇಬಲ್ಲಿನಲ್ಲಿ. ತೆಳ್ಳನೆಯ ಆರ್‌ಜಿ-58 ಅನ್ನು 30 ಮೀಟರ್ ಎಳೆದರೆ 7 ಮೆಗಾಹರ್ಟ್ಸ್‌ನಲ್ಲಿ ನಷ್ಟ ಒಂದು ಡೆಸಿಬೆಲ್‌ಗಿಂತ ತುಸು ಜಾಸ್ತಿ, ಚಿಂತೆಯಿಲ್ಲ. ಅದನ್ನೇ 145ರಲ್ಲಿ ಬಳಸಿದರೆ ಸುಮಾರು 6 ಡೆಸಿಬೆಲ್ ಸೋರುತ್ತದೆ: ರಿಗ್ ಹೊರಹಾಕಿದ 50 ವ್ಯಾಟಿನಲ್ಲಿ ಹನ್ನೆರಡು ಹದಿಮೂರಷ್ಟೇ ಆಂಟೆನಾ ಮುಟ್ಟುತ್ತದೆ. ಇನ್ನೂ ಕೆಟ್ಟದ್ದೆಂದರೆ, ಆಂಟೆನಾದಿಂದ ಮರಳಿ ಬರುವ ಶಕ್ತಿಯನ್ನೂ ಕೇಬಲ್ಲೇ ನುಂಗುವುದರಿಂದ ಎಸ್‌ಡಬ್ಲ್ಯೂಆರ್ ಮೀಟರು ಎಲ್ಲವೂ ಸರಿಯಿದೆ ಎಂದು ತೋರಿಸುತ್ತದೆ. 1.5ರ ಎಸ್‌ಡಬ್ಲ್ಯೂಆರ್‌ನಲ್ಲಿ ವಾಪಸಾಗುವುದು ಬರೀ ನೂರಕ್ಕೆ 4 ಪಾಲು, ಅದನ್ನು 1.1ಕ್ಕೆ ಇಳಿಸಲು ದಿನಗಟ್ಟಲೆ ತಂತಿ ಕತ್ತರಿಸುವವರು ಅದೇ ಹೊತ್ತನ್ನು ದಪ್ಪ ಆರ್‌ಜಿ-213 ಎಳೆಯಲು ಕೊಡಬಹುದಿತ್ತು.

ತಾರಸಿಗೆ ತಂತಿ ಏರಿಸಿದ ಮೇಲೆ ಸಿಡಿಲಿನ ಎಚ್ಚರವೂ ಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ, ಮೋಡ ಕವಿಯುವ ಮುಂಚೆಯೇ ಕೇಬಲ್ ಬಿಚ್ಚಿ ಮನೆಯ ಹೊರಗೆ ಇಡಬೇಕು.

ಇನ್ನು ಗದ್ದಲ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಬ್ಯಾಂಡಿನ ತುಂಬ ಗುಂಯ್‌ಗುಡುತ್ತವೆ. ಪತ್ತೆಗೆ ನೇರ ದಾರಿ: ರಿಗ್ಗನ್ನು ಬ್ಯಾಟರಿಗೆ ಜೋಡಿಸಿ, ಮನೆಯ ಮೇನ್ ಆಫ್ ಮಾಡಿ, ಬ್ರೇಕರುಗಳನ್ನು ಒಂದೊಂದಾಗಿ ಏರಿಸುತ್ತಾ ಕೇಳುವುದು. ರಿಗ್ ಬೇಡುವುದು 13.8 ವೋಲ್ಟ್, ಮಾತಾಡುವಾಗ 20 ಆಂಪಿಯರ್ ಸುತ್ತಮುತ್ತ, ಕೇಳುವಾಗ ಒಂದರ ಆಸುಪಾಸು. 12 ವೋಲ್ಟಿನ ದೊಡ್ಡ ಬ್ಯಾಟರಿಯೊಂದಿದ್ದರೆ ದಿನವಿಡೀ ಕಿವಿಗೊಟ್ಟು ಕೂರಬಹುದು.

ಆ ಬ್ಯಾಟರಿ ಕಷ್ಟದ ದಿನಕ್ಕೂ ಬೇಕು. 2004ರ ಡಿಸೆಂಬರಿನಲ್ಲಿ ದೂರದ ಹ್ಯಾಮ್‌ಗಳೊಡನೆ ಮಾತಾಡಲೆಂದು ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನಲ್ಲಿ ಸ್ಟೇಷನ್ ಹೂಡಿತ್ತು. ಸುನಾಮಿ ಬಡಿದಾಗ ಅದೇ ಸ್ಟೇಷನ್ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಮನೆಯ ಸ್ಟೇಷನ್ನನ್ನೂ ಅಂಥ ದಿನವನ್ನು ನೆನೆದು ಕಟ್ಟಬೇಕು. ಬಡಾವಣೆಗೆಲ್ಲ ಕರೆಂಟು ಹೋದ ಸಂಜೆ ಬ್ಯಾಟರಿಯ ಮೇಲೆ ರಿಗ್ ಹಚ್ಚಿ ನೋಡಿದವರಿಗೆ ಇದು ಗೊತ್ತು: ಅಕ್ಕಪಕ್ಕದ ದೀಪಗಳ ಗುಂಯ್‌ಗುಟ್ಟುವಿಕೆ ನಿಂತು, ಎಸ್-ಮೀಟರ್ ಕೆಳಗಿಳಿದು, ಅಷ್ಟು ಹೊತ್ತು ಹೂತುಹೋಗಿದ್ದ ಸಣ್ಣ ದನಿಗಳು ಒಂದೊಂದಾಗಿ ಮೇಲೇಳುತ್ತವೆ.